ಹದಿನಾಲ್ಕನೆಯ ಸಾಲು

ಸೊರಬದ ಡಾಕ್ಟರ್ ಮಲ್ಲಿಕಾರ್ಜುನ್ ಸ್ಕ್ಯಾನ್ ವರದಿಯನ್ನು ಹೇಗೆ ಓದುತ್ತಾರೆಂಬುದು ನೀಲಾಂಬಿಕಳಿಗೆ ಚೆನ್ನಾಗಿ ಗೊತ್ತಿತ್ತು. ಅವರು ಓದುತ್ತಿರಲಿಲ್ಲ.

ಹಾಗೆಂದು ಅವರೇನೂ ಕೆಟ್ಟ ಡಾಕ್ಟರಲ್ಲ. ಕೈಗುಣ ಒಳ್ಳೆಯದೆಂದು ಕುಬಟೂರಿನ ಕಡೆಯಿಂದಲೂ ಜನ ಬಂದು ಅವರ ಕ್ಲಿನಿಕ್ಕಿನ ಕಟ್ಟೆಯ ಮೇಲೆ ಬೆಳಗಿನಿಂದ ಕಾದಿರುತ್ತಿದ್ದರು. ಅವರಿಗೆ ಪುರುಸೊತ್ತಿರಲಿಲ್ಲ, ಅಷ್ಟೆ.

ನೀಲಾಂಬಿಕ ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಹಿಂದಿರುವ ಸ್ಕ್ಯಾನ್ ಸೆಂಟರಿನಲ್ಲಿ ವರದಿ ಟೈಪ್ ಮಾಡುತ್ತಿದ್ದಳು. ಇಂಗ್ಲಿಷ್ ಮೇಜರ್ ತೆಗೆದುಕೊಂಡು ಬಿ.ಎ. ಮಾಡಿದ್ದವಳಿಗೆ ಸಿಕ್ಕಿದ್ದು ಈ ಕೆಲಸ. ಸೇರಿ ಆರು ವರ್ಷವಾಗಿತ್ತು. ರೇಡಿಯಾಲಜಿಸ್ಟ್ ಡಾಕ್ಟರ್ ಸಂಗಮೇಶ್ ವಾರಕ್ಕೆ ಮೂರು ದಿನ ಶಿವಮೊಗ್ಗದಿಂದ ಬರುವರು. ಕತ್ತಲುಗೋಣೆಯಲ್ಲಿ ಕೂತು, ಪರದೆಯ ಮೇಲೆ ಜನರ ಹೊಟ್ಟೆ, ತಲೆ, ಎದೆಗಳನ್ನು ಹಲಸಿನ ಹಪ್ಪಳದ ಅಟ್ಟಿಯ ಹಾಗೆ ಪದರ ಪದರವಾಗಿ ಸರಿಸುತ್ತ, ಕಂಡದ್ದನ್ನು ಇಂಗ್ಲಿಷಿನಲ್ಲಿ ಹೇಳುತ್ತಾ ಹೋಗುವರು. ಇವಳು ಬಡಿಯುತ್ತಾ ಹೋಗುವಳು. ವರದಿಗೊಂದು ಕಟ್ಟು ಇತ್ತು. ಮೇಲೆ ಹೆಸರು, ವಯಸ್ಸು, ಕಳಿಸಿದ ಡಾಕ್ಟರು. ನಡುವೆ ಒಂದೊಂದು ಅಂಗಕ್ಕೆ ಒಂದೊಂದು ಸಾಲು. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಇಂಪ್ರೆಶನ್, ಅಂದರೆ ಇಷ್ಟೆಲ್ಲ ನೋಡಿದ್ದರ ಸಾರ, ಒಂದೋ ಎರಡೋ ಸಾಲು.

ಬಲ ಎಡ ಎಂಬ ಮಾತು ಬಂದಾಗಲೆಲ್ಲ ನೀಲಾಂಬಿಕ ತನ್ನದೇ ಮೈಯ ಆ ಭಾಗವನ್ನು ಒಮ್ಮೆ ಮುಟ್ಟಿಕೊಂಡು ಆಮೇಲೆ ಟೈಪ್ ಮಾಡುತ್ತಿದ್ದಳು. ಬಲಗಿಡ್ನಿ ಅಂದರೆ ಬಲಗೈ ಸೊಂಟಕ್ಕೆ ಹೋಗುತ್ತಿತ್ತು. ಒಂದು ಅಕ್ಷರ ತಪ್ಪಿದರೆ ಯಾರಿಗೋ ಕಾಯಿಲೆ ಇಲ್ಲದ ಕಡೆ ಕತ್ತಿ ಬಿದ್ದೀತೆಂಬ ಭಯ. ಮೆಷಿನ್ ನಡೆಸುವ ಗಣೇಶ್ ಅದನ್ನು ನೋಡಿ ನಗುತ್ತಿದ್ದ. "ಅಕ್ಕಾರಿಗೆ ದಿನಾ ಒಂದೊಂದು ಕಾಯಿಲೆ ಬರ್ತೈತಿ ನೋಡ್ರಿ, ಮುಟ್ಟಿ ಮುಟ್ಟಿ ನೋಡ್ಕೋತಾರೆ!"

ವರದಿ ಹೊರಬಿದ್ದ ಮೇಲೆ ಅದನ್ನು ಯಾರು ಹೇಗೆ ನೋಡುತ್ತಾರೆಂಬುದೂ ಅವಳಿಗೆ ನಿಧಾನವಾಗಿ ತಿಳಿಯಿತು. ಶಿರಾಳಕೊಪ್ಪದ ಒಬ್ಬ ಮುದುಕ ಡಾಕ್ಟರು ಸಾಲಿನ ಕೆಳಗೆ ಬೆರಳಿಟ್ಟು ಓದಿ, ಅರ್ಥವಾಗದಿದ್ದರೆ ಫೋನು ಮಾಡುತ್ತಿದ್ದರು. ಇನ್ನೊಬ್ಬರು ವರದಿಯನ್ನು ಪಕ್ಕಕ್ಕಿಟ್ಟು ಫಿಲಂ ಅನ್ನೇ ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ಮಲ್ಲಿಕಾರ್ಜುನ್ ಮಾತ್ರ ಮೊದಲ ವರ್ಷವೇ ಫೋನಿನಲ್ಲಿ ಹೇಳಿಬಿಟ್ಟಿದ್ದರು.

"ನೋಡಿ ಮಾರಾಯ್ರೆ, ನಂಗೆ ಕೊನೆ ಸಾಲು ಒಂದು ವಾಟ್ಸ್ಯಾಪಿಗೆ ಹಾಕಿ, ಸಾಕು. ಹೊರಗೆ ಅರವತ್ತು ಜನ ಕೂತಿದಾರೆ. ರಾಮಾಯಣ ಪೂರ್ತಿ ಓದ್ತಾ ಕೂತ್ರೆ ಸೀತೆ ಸಿಗೋದು ಯಾವಾಗ?"

ಅಂದಿನಿಂದ ಅವಳು ಕೊನೆ ಸಾಲು ಕಳಿಸುವಳು. ಅವರಿಂದ ಸರಿ ಎಂದು ಎತ್ತಿದ ಹೆಬ್ಬೆರಳಿನ ಗುರುತು ಬರುವುದು. ಕಾಗದದ ವರದಿ ಮಾತ್ರ ಫಿಲಂ ಜೊತೆ ಕವರಿನಲ್ಲಿ ಕೂತು, ರೋಗಿಯ ಕಂಕುಳಲ್ಲಿ ಬಸ್ಸು ಹತ್ತುವುದು.

*

ಏಪ್ರಿಲಿನ ಒಂದು ಮಧ್ಯಾಹ್ನ ಕರೀಂ ಸಾಬರು ಹೆಂಡತಿಯನ್ನು ಕರೆದುಕೊಂಡು ಬಂದರು. ಸೊರಬದಲ್ಲಿ ಅವರದು ಗಾದಿ ಅಂಗಡಿ. ನೀಲಾಂಬಿಕ ಹುಟ್ಟಿ ಬೆಳೆದದ್ದು ಅದೇ ಬೀದಿಯಲ್ಲಿ. ಶಾಲೆ ಬಿಟ್ಟ ಮೇಲೆ ಹಿಂಜಿದ ಹತ್ತಿಯ ಗುಡ್ಡೆಯ ಮೇಲೆ ಬಿದ್ದು ಹೊರಳಾಡಿ, ಮನೆಗೆ ಹೋಗಿ ಬೈಸಿಕೊಂಡವಳು. ಕರೀಂ ಸಾಬರು ಹತ್ತಿ ತುಂಬಿದರೆ ಗಾದಿಯ ಅಂಚು ಹೊಲಿಯುವುದು ಹೆಂಡತಿ ಅಫ್ಸರ್ ಬೇಗಂ. ನೀಲಾಂಬಿಕಳ ಮದುವೆಯ ಗಾದಿಗೂ ಅವರದೇ ಹೊಲಿಗೆ.

"ಇದು ಉಚ್ಚಂಗಪ್ಪ ಮೇಷ್ಟ್ರ ಮಗಳಲ್ವಾ!" ಎಂದರು ಅಫ್ಸರ್ ಬೇಗಂ, ಸೊಂಟ ಹಿಡಿದುಕೊಂಡೇ. ನೋವಿಗೆ ಮುಖವೆಲ್ಲ ಬೆವೆತಿತ್ತು, ಬಾಯಿ ಮಾತ್ರ ಸೋತಿರಲಿಲ್ಲ. "ಏ ನೀಲಿ, ನಿಮ್ಮ ಮೆಷಿನ್ನು ಹೊಟ್ಟೆ ಒಳಗಿನ ಗುಟ್ಟೆಲ್ಲ ಹೇಳ್ತದಂತೆ ಹೌದೇನೇ? ಮೂವತ್ತು ವರ್ಷದಿಂದ ಸಾಬ್ರಿಗೆ ಬೈಯಬೇಕಾದ್ದೆಲ್ಲ ನುಂಗಿ ಇಟ್ಕೊಂಡಿದೀನಿ. ಅದೊಂದು ಬರೀಬೇಡ ಮಾರಾಯ್ತಿ."

"ನುಂಗಿದ್ದು ಎಷ್ಟು, ಉಗುಳಿದ್ದು ಎಷ್ಟು, ಕೇಳಮ್ಮ ಅವಳನ್ನ," ಎಂದರು ಕರೀಂ ಸಾಬರು.

ಮಲ್ಲಿಕಾರ್ಜುನ್ ಚೀಟಿಯಲ್ಲಿ ಬರೆದದ್ದು ಒಂದೇ ಮಾತು: ಕಲ್ಲು ಇದೆಯೇ ನೋಡಿ.

ಕಲ್ಲು ಇತ್ತು. ಬಲಗಡೆಯ ಮೂತ್ರನಾಳದ ಕೆಳತುದಿಯಲ್ಲಿ, ಆರು ಮಿಲಿಮೀಟರು. ನೀಲಾಂಬಿಕ ಬಲಸೊಂಟ ಮುಟ್ಟಿಕೊಂಡು ಟೈಪ್ ಮಾಡಿದಳು. ಲಿವರ್, ಪಿತ್ತಕೋಶ, ಗುಲ್ಮ ಎಲ್ಲ ಸರಿ. ಹೊಟ್ಟೆಯ ಸ್ಕ್ಯಾನ್ ಮಾಡುವಾಗ ಶ್ವಾಸಕೋಶದ ಕೆಳತುದಿಯೂ ಚೂರು ಸಿಕ್ಕುತ್ತದೆ. ಅದಕ್ಕೆಂದು ವರದಿಯಲ್ಲಿ ಹದಿನಾಲ್ಕನೆಯ ಸಾಲು. ನೂರಕ್ಕೆ ತೊಂಬತ್ತೊಂಬತ್ತು ಸಲ ಅದು 'ಸರಿಯಾಗಿದೆ' ಎಂದೇ ಇರುತ್ತಿದ್ದುದರಿಂದ ಅವಳು ಸಂಗಮೇಶ್ ಹೇಳುವ ಮೊದಲೇ ಟೈಪ್ ಮಾಡಿ ಮುಗಿಸುತ್ತಿದ್ದಳು. ಅಂದೂ ಮುಗಿಸಿದ್ದಳು. ಸಂಗಮೇಶ್ ಮಾತು ನಿಲ್ಲಿಸಿ, ಎರಡು ಪದರ ಹಿಂದಕ್ಕೆ ಸರಿಸಿ, ಮತ್ತೆ ಮುಂದಕ್ಕೆ ಬಂದರು.

"ಬಲ ಶ್ವಾಸಕೋಶದ ಕೆಳಭಾಗದಲ್ಲಿ ಹನ್ನೆರಡು ಮಿಲಿಮೀಟರಿನ ಗಂಟು. ಎದೆಯ ಸ್ಕ್ಯಾನ್ ಮಾಡಿಸಿ ನೋಡುವುದು ಒಳ್ಳೆಯದು," ಎಂಬರ್ಥದ ಇಂಗ್ಲಿಷ್ ಹೇಳಿದರು. ಅವಳು ಬರೆದಿದ್ದನ್ನು ಅಳಿಸಿ, ಬಲಗಡೆಯ ಕೊನೆಯ ಪಕ್ಕೆಲುಬು ಮುಟ್ಟಿಕೊಂಡು, ಹೊಸದಾಗಿ ಟೈಪ್ ಮಾಡಿದಳು.

ಸಂಗಮೇಶ್ ಇಂಪ್ರೆಶನ್ ಹೇಳಿದರು. ಅದರಲ್ಲಿ ಕಲ್ಲು ಮಾತ್ರ ಇತ್ತು.

"ಸರ್, ಆ ಗಂಟನ್ನ ಕೆಳಗೂ ಹಾಕ್ಲಾ?"

"ಬ್ಯಾಡ. ಅವರು ಕೇಳಿದ್ದು ಕಲ್ಲು ಐತೋ ಇಲ್ಲೋ ಅಂತ. ಐತಿ ಅಂತ ಹೇಳೀವಿ. ಗಂಟಿನ ವಿಷಯ ಮ್ಯಾಲೆ ಬರದೀವಲ್ಲ. ಹತ್ತರಾಗ ಒಂಬತ್ತು ಏನೂ ಇರಂಗಿಲ್ಲ, ಯಾವಾಗಿಂದೋ ಕಫದ ಗಾಯ ಇರ್ತಾವ."

"ಅವರು ಮೇಲಿಂದು ಓದಲ್ಲ ಸರ್."

ಸಂಗಮೇಶ್ ಕುರ್ಚಿ ತಿರುಗಿಸಿದರು. "ಓದದ ಡಾಕ್ಟರಿಗೆ ನಾ ಟ್ಯೂಷನ್ ಹೇಳ್ಲೇನ್ರೀ? ಮತ್ತೊಂದು ತೋಟಪ್ಪನ ಕತಿ ಮಾಡಬ್ಯಾಡ್ರಿ."

ತೋಟಪ್ಪನ ಕತೆ ಹಿಂದಿನ ವರ್ಷದ್ದು. ಅಂಜನಾಪುರದ ತೋಟಪ್ಪ ಎಂಬವನ ಪಿತ್ತಕೋಶದಲ್ಲಿ ಮೊಳಕೆಯಂಥ ಒಂದು ಸಣ್ಣ ಬೆಳವಣಿಗೆ ಕಂಡಿತ್ತು, ಅದೂ ವರದಿಯ ನಡುವಿನ ಸಾಲಿನಲ್ಲಿ. ನೀಲಾಂಬಿಕ ಯಾರನ್ನೂ ಕೇಳದೆ ಮಲ್ಲಿಕಾರ್ಜುನರ ವಾಟ್ಸ್ಯಾಪಿಗೆ ಅದನ್ನೂ ಸೇರಿಸಿ ಕಳಿಸಿದ್ದಳು. ಅವರು ಶಿವಮೊಗ್ಗಕ್ಕೆ ಅಟ್ಟಿದರು. ಅಲ್ಲಿ ಏನೂ ಇಲ್ಲ ಹೋಗಯ್ಯ ಎಂದರು. ತೋಟಪ್ಪ ಬಂದು ಸೆಂಟರಿನ ಬಾಗಿಲಲ್ಲಿ ನಿಂತು ಊರು ಕೇಳುವಂತೆ ಕೂಗಾಡಿದ: ಹದಿನೈದು ದಿನ ಊಟ ಸೇರಿಲ್ಲ, ಹೆಂಡತಿ ಹರಕೆ ಹೊತ್ತಿದ್ದಾಳೆ, ಯಾರು ಬರೆದದ್ದು ಇದನ್ನ? ಅವತ್ತು ಸಂಗಮೇಶ್ ಎಲ್ಲರೆದುರು ಹೇಳಿದ್ದರು. "ನಿಮ್ಮ ಕೆಲಸ ಟೈಪ್ ಮಾಡೋದು. ಭಯ ಹಂಚೋದಲ್ಲ."

ಹಂಚದೆ ಉಳಿದ ಭಯವೆಲ್ಲ ಅವಳ ಪಾಲಿಗೇ ಬಂತು. ಅಫ್ಸರ್ ಬೇಗಂ ಬಂದ ಆ ಮಧ್ಯಾಹ್ನ ಫೋನು ಹಿಡಿದು ಕೊನೆಯ ಸಾಲು ಟೈಪ್ ಮಾಡಿದಳು. ಕೆಳಗೆ ಗಂಟಿನ ಸಾಲನ್ನೂ ಟೈಪ್ ಮಾಡಿದಳು. ನೋಡುತ್ತಾ ಕೂತಳು. ಬಾಗಿಲಲ್ಲಿ ನಿಂತ ತೋಟಪ್ಪ ಕಣ್ಣಿಗೆ ಬಂದ. ಎರಡನೆಯ ಸಾಲು ಅಳಿಸಿ ಕಳಿಸಿದಳು. ಎರಡು ನೀಲಿ ಗೆರೆ ಮೂಡಿದವು, ಹೆಬ್ಬೆರಳು ಬಂತು.

ಆಮೇಲೆ ಫಿಲಂ ಮತ್ತು ವರದಿಯನ್ನು ಕವರಿನಲ್ಲಿಟ್ಟು, ಮೇಲೆ ದುಂಡಗೆ ಡಾಕ್ಟರ್ ಮಲ್ಲಿಕಾರ್ಜುನ್ ಅವರಿಗೆ ಎಂದು ಬರೆದು, ಬಾಯಿಗೆ ಸ್ಟೇಪ್ಲರ್ ಪಿನ್ನು ಹೊಡೆದಳು. ಬೇರೆ ಕಡೆ ಒಂದೇ ಪಿನ್ನು. ಇವಳು ಎರಡು ಹೊಡೆಯುತ್ತಿದ್ದಳು. ಬಸ್ಸಿನ ನೂಕುನುಗ್ಗಲಿನಲ್ಲಿ ಕಾಗದ ಜಾರಿ ಬಿದ್ದರೆ?

"ಸಾಬ್ರೇ, ಇದನ್ನ ಡಾಕ್ಟ್ರಿಗೆ ಕೊಟ್ಟು, ಪೂರ್ತಿ ಓದೋಕೆ ಹೇಳಿ."

ಕರೀಂ ಸಾಬರು ಅವಳ ಮುಖ ನೋಡಿದರು. "ಯಾಕಮ್ಮ, ಏನಾದ್ರೂ ಉಂಟಾ?"

ಪಕ್ಕದ ಕೋಣೆಯಲ್ಲಿ ಸಂಗಮೇಶ್ ಮುಂದಿನವರ ಹೆಸರು ಕೂಗುತ್ತಿದ್ದರು.

"ಹಾಗೇನಿಲ್ಲ. ಡಾಕ್ಟ್ರು ಹೇಳ್ತಾರೆ," ಎಂದಳು ನೀಲಾಂಬಿಕ.

*

ಎಂಟನೆಯ ದಿನಕ್ಕೆ ಕಲ್ಲು ಬಿತ್ತೆಂದು ಸೊರಬದಿಂದ ಸುದ್ದಿ ಬಂತು. ಅಫ್ಸರ್ ಬೇಗಂ ಅದನ್ನು ಬೆಂಕಿಪೊಟ್ಟಣದಲ್ಲಿಟ್ಟು ಬೀದಿಗೆಲ್ಲ ತೋರಿಸಿದರಂತೆ. ಗಂಟಿನ ಸುದ್ದಿ ಬರಲಿಲ್ಲ. ಎದೆಯ ಸ್ಕ್ಯಾನಿಗೆ ಅವರು ಬರಲಿಲ್ಲ. ಶಿವಮೊಗ್ಗದಲ್ಲಿ ಮಾಡಿಸಿರಬಹುದು ಎಂದುಕೊಂಡಳು ನೀಲಾಂಬಿಕ. ಡಾಕ್ಟರು ಓದಿ, ಏನಿಲ್ಲ ಬಿಡಿ ಎಂದಿರಬಹುದು. ಒಮ್ಮೊಮ್ಮೆ ಫೋನು ತೆಗೆದು, ಹಳೆಯ ಸಂದೇಶಗಳನ್ನು ಏಪ್ರಿಲಿನ ತನಕ ಸರಿಸಿ, ಆ ಎರಡು ನೀಲಿ ಗೆರೆ ನೋಡಿ ಮುಚ್ಚುತ್ತಿದ್ದಳು. ಗೆರೆ ಇತ್ತು. ಆದರೆ ಆ ಗೆರೆ ಮೂಡಿದ್ದು ಕಲ್ಲಿನ ಸಾಲಿನ ಮುಂದೆ. ಅದು ಅವಳಿಗೆ ಗೊತ್ತಿದ್ದೂ ಗೊತ್ತಿಲ್ಲದ ಹಾಗಿತ್ತು.

ಫೆಬ್ರವರಿಯಲ್ಲಿ ಅವರು ಮತ್ತೆ ಬಂದರು.

ಅಫ್ಸರ್ ಬೇಗಂ ಅವರ ಬಳೆ ಮೊಣಕೈಗೆ ಜಾರಿತ್ತು. ಮೆಟ್ಟಿಲು ಹತ್ತಿ ಬಂದವರು ಬೆಂಚಿನ ಮೇಲೆ ಕೂತು, ಮಾತಿಗಿಂತ ಮೊದಲು ಕೆಮ್ಮಿದರು. ನಾಲ್ಕು ತಿಂಗಳ ಕೆಮ್ಮು. ಹತ್ತಿ ಧೂಳಿನ ಕೆಮ್ಮು ಎಂದು ಮಲ್ಲಿಕಾರ್ಜುನ್ ಸಿರಪ್ಪು ಕೊಟ್ಟರು, ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಿ ಎಂದರು, ಅಂಗಡಿಗೆ ಹೋಗಬೇಡಿ ಎಂದರು. ಅದರಲ್ಲಿ ತಪ್ಪೇನಿಲ್ಲ, ಹತ್ತಿ ಹಿಂಜುವ ಮನೆಯಲ್ಲಿ ಕೆಮ್ಮಿದರೆ ಯಾರಿಗಾದರೂ ಹತ್ತಿಯೇ ನೆನಪಾಗುತ್ತದೆ. ಹೋದ ವಾರ ಕರವಸ್ತ್ರದಲ್ಲಿ ರಕ್ತ ಕಂಡ ಮೇಲೆ ಎದೆಯ ಸ್ಕ್ಯಾನಿಗೆ ಬರೆದಿದ್ದರು.

"ಹಳೇ ರಿಪೋರ್ಟ್ ಇದ್ರೆ ತಗೊಂಡೋಗಿ ಅಂದ್ರು," ಎಂದು ಕರೀಂ ಸಾಬರು ಬಟ್ಟೆಯ ಚೀಲದಿಂದ ಕವರು ತೆಗೆದು ಮೇಜಿನ ಮೇಲಿಟ್ಟರು.

ಒಂದು ಮುದುರೂ ಇರಲಿಲ್ಲ. ಟ್ರಂಕಿನಲ್ಲಿ ಮದುವೆಯ ಸೀರೆಯ ಹಾಗೆ ಇಟ್ಟಿದ್ದರೆಂದು ಕಾಣುತ್ತದೆ, ನುಸಿಗುಳಿಗೆಯ ವಾಸನೆ ಬಂತು. ಮೇಲೆ ಅವಳದೇ ದುಂಡು ಅಕ್ಷರ. ಬಾಯಿಯಲ್ಲಿ ಅವಳದೇ ಎರಡು ಪಿನ್ನು, ತುದಿಗೆ ತುಸು ತುಕ್ಕು. ನೀಲಾಂಬಿಕ ಕವರನ್ನು ತಿರುಗಿಸಿ ನೋಡಿದಳು. ಎಲ್ಲಿಯೂ ಹರಿದಿರಲಿಲ್ಲ.

"ಇದನ್ನ ಬಿಚ್ಚೇ ಇಲ್ವಾ ಸಾಬ್ರೇ?"

"ನಾವು ಹ್ಯಾಗಮ್ಮ ಬಿಚ್ಚೋದು? ಡಾಕ್ಟ್ರ ಹೆಸರಿಗೆ ಬರ್ದಿದ್ದಲ್ವಾ. ಬೇರೆಯವರ ಕಾಗದ ಒಡೆದು ನೋಡಬಾರದು ಅಂತ ನಿಮ್ಮ ಅಪ್ಪಾರೇ ನಮಗೆ ಶಾಲೇಲಿ ಕಲಿಸಿದ್ದು."

"ಡಾಕ್ಟ್ರಿಗೆ ಕೊಡಲಿಲ್ವಾ?"

"ಕೊಟ್ಟೆನಲ್ಲ! ಮೇಜಿನ ಮೇಲೇ ಇಟ್ಟೆ. ಪೂರ್ತಿ ಓದಬೇಕಂತೆ, ನೀಲಮ್ಮ ಹೇಳಿದಾಳೆ ಅಂದೆ. ನಗಾಡಿದ್ರು. ನಂಗೆ ಫೋನಲ್ಲಿ ಆಗಲೇ ಬಂದಿದೆ ಸಾಬ್ರೇ, ಕಲ್ಲು, ಮತ್ತೆಂತ ಇಲ್ಲ, ಇದನ್ನ ನೀವೇ ಜೋಪಾನ ಇಟ್ಕೊಳ್ಳಿ ಅಂದ್ರು. ಇಟ್ಕೊಂಡೆ." ಜೋಪಾನ ಮಾಡಿದ್ದಕ್ಕೆ ಮೆಚ್ಚುಗೆ ಸಿಗಬೇಕೆಂಬ ಹಾಗೆ ಅವರು ಕವರಿನ ಅಂಚು ಸವರಿದರು.

ಪರದೆಯ ಎಡಕ್ಕೆ ಏಪ್ರಿಲಿನ ಚಿತ್ರ, ಬಲಕ್ಕೆ ಇವತ್ತಿನದು. ಹಳೆಯದರಲ್ಲಿ ಕಡಲೆಕಾಳಿನಷ್ಟಿದ್ದದ್ದು ಹೊಸದರಲ್ಲಿ ನಿಂಬೆಹಣ್ಣಾಗಿತ್ತು. ಲಿವರಿನಲ್ಲೂ ಎರಡು ಕಲೆ. ಸಂಗಮೇಶ್ ಗಣೇಶನ ಕಡೆ ತಿರುಗಿ, "ಅವಾಗ ಆಗಿದ್ರೆ ಒಂದು ತುಂಡು ತೆಗೆದು ಬಿಸಾಕ್ತಿದ್ರಪಾ. ಈಗ ಆಪರೇಷನ್ ಆಗಂಗಿಲ್ಲ," ಎಂದರು. ಅದನ್ನು ಅವರು ವರದಿಗೆ ಹೇಳಲಿಲ್ಲ. ವರದಿಗೆ ಹೇಳಿದ್ದು, "ಹಿಂದಿನ ವರದಿಯಲ್ಲಿ ತಿಳಿಸಿರುವಂತೆ" ಎಂದು. ಆ ಮಾತನ್ನು ನಡುವಿನ ಸಾಲಿನಲ್ಲಿ ಒಮ್ಮೆ, ಇಂಪ್ರೆಶನ್‌ನಲ್ಲಿ ಒಮ್ಮೆ ಹಾಕಿಸಿದರು.

"ದಪ್ಪ ಅಕ್ಷರ ಮಾಡ್ರಿ," ಎಂದರು. ಹಿಂದಿನ ವರದಿಯಲ್ಲಿ ತಿಳಿಸಿರುವಂತೆ. ಅವಳು ಬಲಪಕ್ಕೆಲುಬು ಮುಟ್ಟಿಕೊಂಡಳು. ಕೈ ಅಲ್ಲೇ ಉಳಿಯಿತು.

ಕೊನೆಯ ಸಾಲು ಸೊರಬಕ್ಕೆ ಹೋಯಿತು. ಈ ಸಲ ಹೆಬ್ಬೆರಳು ಬರಲಿಲ್ಲ. ಹತ್ತು ನಿಮಿಷಕ್ಕೆ ಸಂಗಮೇಶರ ಫೋನು ಹೊಡೆದುಕೊಂಡಿತು. ಕೋಣೆಯ ಬಾಗಿಲು ತೆರೆದೇ ಇತ್ತು.

"ಬರದೀವಲ್ರೀ ಮಲ್ಲಿಕಾರ್ಜುನ್, ಏಪ್ರಿಲಿನಾಗೇ ಬರದೀವಿ. ತೆಗೆದು ನೋಡ್ರಿ… ಇಂಪ್ರೆಶನ್‌ನಾಗ ಇಲ್ಲ ಅಂದ್ರೆ? ವರದಿ ಅಂದ್ರ ಪೂರ್ತಿ ವರದಿ… ಅಲ್ಲಲ್ಲ, ನಿಮ್ಮ ತಪ್ಪು ಅಂತ ನಾ ಎಲ್ಲಿ ಅಂದೆ?" ಧ್ವನಿ ಏರಿ, ಆಮೇಲೆ ಇಳಿಯಿತು. "ಹೂಂ… ಹೂಂ… ಕವರು ಅವರ ಹತ್ರನೇ ಇತ್ತೇನು? ಬಿಚ್ಚೇ ಇಲ್ಲ? ಮತ್ತೆ ಮುಗೀತಲ್ರೀ!" ಆ ಕಡೆಯವರು ಏನೋ ಹೇಳಿದರು. ಸಂಗಮೇಶ್ ನಕ್ಕರು. ಜೋರಾದ ನಗುವಲ್ಲ, ಹೊಳೆ ದಾಟಿ ದಡ ಹತ್ತಿದವರು ಪಂಚೆ ಹಿಂಡಿಕೊಳ್ಳುತ್ತಾ ನಗುವಂಥ ನಗು.

ಮರುದಿನ ಅವರು ನೀಲಾಂಬಿಕಳನ್ನು ಕರೆದರು. "ಒಂದು ರಬ್ಬರ್ ಸ್ಟಾಂಪ್ ಮಾಡಸೋಣು. ಎಲ್ಲಾ ಕವರಿನ ಮ್ಯಾಲೂ ಹೊಡೀಬೇಕು. ಪೂರ್ತಿ ವರದಿ ಡಾಕ್ಟರಿಗೆ ತೋರಿಸೋದು ಪೇಷೆಂಟಿನ ಜವಾಬ್ದಾರಿ ಅಂತ. ಕನ್ನಡದಾಗ ಛಲೋತ್ನ್ಯಾಗ ಬರದು ಕೊಡ್ರಿ. ನಿಮಗ ಭಾಷೆ ಐತಿ."

ಭಾಷೆ ಇತ್ತು. ಅವಳು ಬರೆದು ಕೊಟ್ಟಳು. 'ತೋರಿಸತಕ್ಕದ್ದು' ಬೇಡ, ಗಡುಸಾಯಿತು ಎಂದು 'ತೋರಿಸುವುದು' ಎಂದು ತಿದ್ದಿಯೂ ಕೊಟ್ಟಳು. ಸಂಜೆ ಮನೆಗೆ ಹೋದ ಮೇಲೆ, ಅನ್ನಕ್ಕೆ ನೀರಿಡುತ್ತಿರುವಾಗ, ತಾನು ಮಾಡಿದ್ದೇನೆಂದು ತಿಳಿಯಿತು. ವಾಟ್ಸ್ಯಾಪಿಗೆ ಕೊನೆಯ ಸಾಲು ಕಳಿಸುವುದನ್ನು ನಿಲ್ಲಿಸಿ ಎಂದು ಯಾರೂ ಹೇಳಿರಲಿಲ್ಲ.

ಮೂರನೆಯ ದಿನ ಕರೀಂ ಸಾಬರು ಶಿವಮೊಗ್ಗಕ್ಕೆ ಒಯ್ಯಬೇಕಾದ ಸಿಡಿ ತೆಗೆದುಕೊಳ್ಳಲು ಒಬ್ಬರೇ ಬಂದರು. ಗಡ್ಡ ಬಾಚಿರಲಿಲ್ಲ.

"ಡಾಕ್ಟ್ರು ಬೈದ್ರಮ್ಮ," ಎಂದರು. "ಕವರಲ್ಲೇ ಇತ್ತಂತಲ್ಲ ವಿಷಯ. ಹತ್ತು ತಿಂಗಳು ಟ್ರಂಕಲ್ಲಿಟ್ಕೊಂಡು ಕೂತ್ರೆ ನಾನೇನ್ ಮಾಡ್ಲಿ ಸಾಬ್ರೇ, ಯಾರಿಗಾದ್ರೂ ತೋರಿಸಬಾರದಾಗಿತ್ತಾ ಅಂದ್ರು. ಅದೂ ಹೌದು. ಶಿರಾಳಕೊಪ್ಪದಲ್ಲಿ ಮಗಳು ಜಾಸ್ಮಿನ್ ಇದಾಳೆ, ಬಿ.ಕಾಂ. ಓದಿದವಳು. ಅವಳ ಕೈಗೆ ಕೊಟ್ಟಿದ್ರೂ ಓದ್ತಿದ್ಲು." ಸಿಡಿಯನ್ನು ಜೇಬಿಗಿಟ್ಟು, ಜೇಬನ್ನು ಎರಡು ಸಲ ತಟ್ಟಿಕೊಂಡರು. "ತಪ್ಪು ನಂದೇ. ನೀನಾದ್ರೂ ಹೇಳಿದ್ದೆ ಪೂರ್ತಿ ಓದಿಸಿ ಅಂತ. ನಂಗೇ ಬುದ್ಧಿ ಇಲ್ಲ. ಬೀಬಿ ಮುಖ ನೋಡಕ್ಕಾಗಲ್ಲಮ್ಮ ನಂಗೆ."

ನೀಲಾಂಬಿಕ ಬಾಯಿ ತೆರೆದಳು. ಸಂಗಮೇಶ್ ಬಾಗಿಲಲ್ಲಿ ಬಂದು ನಿಂತು, "ಆತೇನ್ರೀ, ಮುಂದಿನವರನ್ನ ಕಳಿಸ್ರಿ," ಎಂದರು. ಕರೀಂ ಸಾಬರು ಅವರಿಗೆ ಎರಡೂ ಕೈ ಎತ್ತಿ ಮುಗಿದು, ಮೆಟ್ಟಿಲಿಳಿದು ಹೋದರು.

*

ಭಾನುವಾರ ಅವಳು ಸೊರಬದ ಬಸ್ಸು ಹತ್ತಿದಳು. ಗಂಡನಿಗೆ ತವರಿಗೆ ಹೋಗಿಬರುತ್ತೇನೆಂದಿದ್ದಳು. ಶಿರಾಳಕೊಪ್ಪದಲ್ಲಿ ಬಸ್ಸು ಬಹಳ ಹೊತ್ತು ನಿಂತಿತು. ಇಳಿದು ಹಿಂದಿರುಗುವುದಕ್ಕೆ ಅದೇ ಕೊನೆಯ ಜಾಗ ಎಂದು ಅವಳ ಬುದ್ಧಿ ಹೇಳುತ್ತಿತ್ತು. ಹೇಳಿದರೆ ಕೆಲಸ ಹೋಗುತ್ತದೆ. ಹೇಳಿದರೂ ಅಫ್ಸರ್ ಬೇಗಂ ಬದುಕುವುದಿಲ್ಲ. ಹಾಗಾದರೆ ಹೇಳಿ ಆಗುವುದೇನು? ಆಗುವುದು ಇಷ್ಟೇ: ಆ ಮುದುಕ ಹೆಂಡತಿಯ ಮುಖ ನೋಡಬಹುದು. ಬಸ್ಸು ಹೊರಟಿತು. ಅವಳು ಕಿಟಕಿಯ ಸರಳು ಹಿಡಿದು ಕೂತೇ ಇದ್ದಳು.

ಅಂಗಡಿಯ ಬಾಗಿಲು ಅರ್ಧ ಹಾಕಿತ್ತು, ಹಿಂಜುವ ಮೆಷಿನ್ನಿಗೆ ಹಳೆಯ ಜಮಖಾನ ಹೊದಿಸಿದ್ದರು. ಒಳಮನೆಯಲ್ಲಿ ಅಫ್ಸರ್ ಬೇಗಂ ದಪ್ಪ ಗಾದಿಯ ಮೇಲೆ ದಿಂಬಿಗೊರಗಿ ಕೂತಿದ್ದರು. ಜಾಸ್ಮಿನ್ ಕಾಲ ಬಳಿ ಇದ್ದಳು. ಕರೀಂ ಸಾಬರು ಹೊಸ್ತಿಲ ಹೊರಗೆ, ಒಳಗೆ ಬರಲು ಅಪ್ಪಣೆ ಸಿಗದವರ ಹಾಗೆ, ಸ್ಟೂಲಿನ ಮೇಲೆ ಕೂತಿದ್ದರು.

"ನೋಡೇ ನೀಲಿ, ಮೂರು ದಿನದಿಂದ ಅಲ್ಲೇ ಕೂತಿದಾರೆ," ಎಂದರು ಅಫ್ಸರ್ ಬೇಗಂ, ಉಸಿರು ಹಿಡಿದು ಹಿಡಿದು. "ಬೈಯ್ಯೋಣ ಅಂದ್ರೆ ಈಗ ಉಸಿರಿಲ್ಲ. ಇದ್ದಾಗ ನುಂಗಿದೆ."

ಚಹಾ ಬಂತು. ನೀಲಾಂಬಿಕ ಕುಡಿಯಲಿಲ್ಲ. ಫೋನು ತೆಗೆದು, ಏಪ್ರಿಲಿನ ಸಂದೇಶದ ತನಕ ಸರಿಸಿ, ಜಾಸ್ಮಿನ್ ಕೈಗೆ ಕೊಟ್ಟಳು.

"ಡಾಕ್ಟ್ರಿಗೆ ನಾನು ಕಳಿಸಿದ್ದು ಇದು. ಕೊನೆ ಸಾಲು ಒಂದೇ. ಅವರು ಓದೋದೂ ಅದೊಂದೇ, ಅದು ನಂಗೆ ಗೊತ್ತಿತ್ತು. ಗಂಟಿನ ವಿಷಯ ಮೇಲಿತ್ತು. ಅದನ್ನೂ ಬರ್ದಿದ್ದೆ, ಆಮೇಲೆ ಅಳಿಸ್ದೆ. ಸಾಬ್ರೇ, ನೀವು ಕವರು ಕೊಟ್ರಿ, ಅವರು ತಗೊಳ್ಳಲಿಲ್ಲ. ನಿಮ್ಮದೇನೂ ತಪ್ಪಿಲ್ಲ."

ಜಾಸ್ಮಿನ್ ಆ ಒಂದು ಸಾಲನ್ನು ಬಹಳ ಹೊತ್ತು ನೋಡಿದಳು.

"ಅಕ್ಕ, ನಮ್ಮ ಅಬ್ಬಾ ನಿಮ್ಮನ್ನ ಕೇಳಿದ್ರಂತಲ್ಲ, ಏನಾದ್ರೂ ಉಂಟಾ ಅಂತ. ಅವಾಗ ಎಂತ ಹೇಳಿದ್ರಿ?"

"ಹಾಗೇನಿಲ್ಲ ಅಂದೆ."

"ಗೊತ್ತಿದ್ದೂ?"

"ಹೂಂ."

ಜಾಸ್ಮಿನ್ ಫೋನನ್ನು ಚಹಾದ ತಟ್ಟೆಯ ಪಕ್ಕ ಇಟ್ಟು ಎದ್ದು ಅಡುಗೆಮನೆಗೆ ಹೋದಳು. ಒಳಗೆ ಪಾತ್ರೆಯೊಂದನ್ನು ಕುಕ್ಕಿದ ಸದ್ದು ಬಂತು. ಕರೀಂ ಸಾಬರು ಸ್ಟೂಲಿನಿಂದ ಏಳಲೂ ಇಲ್ಲ, ನೀಲಾಂಬಿಕಳನ್ನು ನೋಡಲೂ ಇಲ್ಲ. ಕೂತಲ್ಲಿಂದಲೇ, "ನಿನ್ನ ಮದುವೆಗೆ ಬೂರುಗದ ಹತ್ತಿ ಹಾಕಿದ್ದೆ ನಾನು," ಎಂದರು. "ಬೇರೆಯವರಿಗೆ ಮಿಲ್ಲಿನ ಹತ್ತಿ. ಮೇಷ್ಟ್ರ ಮಗಳು ಅಂತ ನಿಂಗೆ ಬೂರುಗದ್ದು."

ಅಫ್ಸರ್ ಬೇಗಂ ದಿಂಬಿನ ಕೆಳಗಿನಿಂದ ಕವರು ಎಳೆದರು. ಎರಡು ಪಿನ್ನೂ ಹಾಗೇ ಇದ್ದವು.

"ಇದರಲ್ಲಿ ನನ್ನ ಹೊಟ್ಟೆ ವಿಷಯ ಎಲ್ಲ ಬರ್ದಿದೀಯಲ್ಲ. ಇಲ್ಲಿ ತನಕ ಯಾರೂ ಓದಿಲ್ಲ. ಓದು. ಕನ್ನಡದಲ್ಲಿ ಹೇಳ್ತಾ ಹೋಗು. ಮೊದಲಿಂದ."

ನೀಲಾಂಬಿಕ ಉಗುರಿನಿಂದ ಪಿನ್ನು ಎಬ್ಬಿಸಿದಳು. ಅವಳೇ ಗಟ್ಟಿಯಾಗಿ ಒತ್ತಿದ್ದದ್ದು. ಎರಡನೆಯದು ಬೆರಳಿಗೆ ಚುಚ್ಚಿತು. ಕಾಗದ ಬಿಡಿಸಿದಳು.

"ಲಿವರ್ ಸರಿಯಾಗಿದೆ," ಎಂದಳು. "ಗಾತ್ರ ಸರಿ, ಎಲ್ಲೂ ಕಲೆ ಇಲ್ಲ."

"ಶುಕ್ರ್," ಎಂದು ದೇವರನ್ನು ನೆನೆದರು ಅಫ್ಸರ್ ಬೇಗಂ.

"ಪಿತ್ತಕೋಶ ಸರಿಯಾಗಿದೆ."

"ಶುಕ್ರ್."

"ಗುಲ್ಮ ಸರಿಯಾಗಿದೆ. ಎಡಗಿಡ್ನಿ ಸರಿಯಾಗಿದೆ."

ಒಂದೊಂದು ಅಂಗಕ್ಕೂ ಅವರು ತಲೆದೂಗಿದರು, ಹಳೆಯ ನೆಂಟರ ಕ್ಷೇಮ ಕೇಳಿದವರ ಹಾಗೆ. "ನೋಡ್ರೀ," ಎಂದರು ಹೊಸ್ತಿಲ ಕಡೆಗೆ, "ಎಷ್ಟೆಲ್ಲ ಚೆನ್ನಾಗಿತ್ತು ನಂಗೆ. ಬೈಗುಳ ನುಂಗಿದ್ದು ಬಂದಿಲ್ಲ ತಾನೆ ನೀಲಿ?"

"ಇಲ್ಲ ಅಫ್ಸರಮ್ಮ."

ಕರೀಂ ಸಾಬರು ಹೊಸ್ತಿಲು ದಾಟಿ ಬಂದು ಗಾದಿಯ ಅಂಚಿನಲ್ಲಿ ಕೂತರು. ಜಾಸ್ಮಿನ್ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಹನ್ನೆರಡನೆಯ ಸಾಲು ಆಯಿತು, ಹದಿಮೂರನೆಯದೂ ಆಯಿತು. ನೀಲಾಂಬಿಕ ನಿಲ್ಲಿಸಿದಳು.

"ಓದು," ಎಂದರು ಅಫ್ಸರ್ ಬೇಗಂ.

ಓದಿದಳು. ಹನ್ನೆರಡು ಮಿಲಿಮೀಟರು ಎಂದಳು. ಎದೆಯ ಸ್ಕ್ಯಾನ್ ಮಾಡಿಸುವುದು ಒಳ್ಳೆಯದು ಎಂದಳು. ಬಲ ಎಂಬಲ್ಲಿ ಅವಳ ಕೈ ಅಭ್ಯಾಸಬಲದಿಂದ ತನ್ನ ಪಕ್ಕೆಗೆ ಹೋಯಿತು. ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಯಾರೂ ಶುಕ್ರ್ ಎನ್ನಲಿಲ್ಲ. ಅಫ್ಸರ್ ಬೇಗಂ ಕಾಗದಕ್ಕೆ ಕೈ ಚಾಚಿ, ಓದಲು ಬಾರದ ಆ ಸಾಲಿನ ಮೇಲೆ, ಹೊಲಿಗೆಯ ಗಂಟು ಹುಡುಕುವ ಹಾಗೆ ಹೆಬ್ಬೆರಳು ಆಡಿಸಿದರು.

"ಇಷ್ಟೇನಾ? ಸಣ್ಣ ಅಕ್ಷರ," ಎಂದರು. ಬೆರಳು ಕೆಳಗೆ ಜಾರಿ, ಕೊನೆಯಲ್ಲಿ ನಿಂತಿತು. "ಇಲ್ಲಿ ದಪ್ಪಗಿದೆಯಲ್ಲ, ಇದೆಂತ ಬರ್ದಿದೀಯ?"

"ಕಲ್ಲು, ಅಫ್ಸರಮ್ಮ."

"ಅದು ಅವಾಗಲೇ ಬಿತ್ತಲ್ಲೇ," ಎಂದರು ಅವರು.